ಯಾರಿಗೂ ಹೊಳೆಯದ ಗಂಟೆ

ತಾರಸಿಯ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ಹಳೆಯದು, ಬಾಗಿಲ ಕಾಲಿಂಗ್ ಬೆಲ್ಲೂ ಹಳೆಯದು. ಎರಡಕ್ಕೂ ತಂತಿ ಬಿಗಿದು, ಟ್ಯಾಂಕ್ ತುಂಬಿದೊಡನೆ ಬೆಲ್ ಬಾರಿಸುವಂತೆ ಮಾಡಿದವನು ಸಿದ್ಧಾರ್ಥನಗರದ ವಿಶ್ವನಾಥ. ಪೇಟೆಂಟಿಗೆ ಅರ್ಜಿ ಹಾಕಿ, ಪತ್ರ ತೂಗುಹಾಕಲು ಗೋಡೆಗೆ ಮೊಳೆಯನ್ನೂ ಹೊಡೆದಿದ್ದ. 1996ರಲ್ಲಿ ಪೇಟೆಂಟ್ ಕಚೇರಿಯಿಂದ ಬಂದದ್ದು ಆಕ್ಷೇಪಣೆ: ಎರಡೂ ಹಳೆಯವು, ಸೇರಿಸುವುದು ಯಾರಿಗಾದರೂ ಹೊಳೆಯುವಂಥದು.

ಉತ್ತರ ಕೊಡುವ ಕೊನೆಯ ದಿನ ಬೆಳಿಗ್ಗೆ ದೇವರಾಜ ಮೊಹಲ್ಲಾದ ವಕೀಲ ಲಕ್ಷ್ಮೀನರಸಿಂಹ ಹೇಳಿದರು: "ಅಕ್ಕಪಕ್ಕದೋರು, ಕೆಲಸ ಬಲ್ಲೋರು, ಮೂರು ಜನರ ಹತ್ರ ‘ಇದು ನಮಗೆ ಹೊಳೆದಿರಲಿಲ್ಲ’ ಅಂತ ಬರೆಸ್ಕೊಂಡು ಬನ್ನಿ. ಸಂಜೆ ಐದು ಗಂಟೆಯೊಳಗೆ."

ತನಗೆ ಒಂದು ವಿಷಯ ಹೊಳೆದಿರಲಿಲ್ಲವೆಂದು ಒಪ್ಪುವ ಪ್ರಾಣಿ ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

"ನಂಗೆ ಎಪ್ಪತ್ತೆರಡರಲ್ಲೇ ಹೊಳೆದಿತ್ತು ಕಣ್ರೀ. ಪುರುಸೊತ್ತಿರಲಿಲ್ಲ," ಎಂದರು ನಿವೃತ್ತ ವಿಜ್ಞಾನ ಮೇಷ್ಟ್ರು ಸದಾಶಿವಯ್ಯ. ಅವರ ಬೆನ್ನ ಹಿಂದೆ ಟ್ಯಾಂಕ್ ತುಂಬಿ ಗೋಡೆಯ ಮೇಲೆ ನೀರು ಇಳಿಯುತ್ತಿತ್ತು.

"ನಮ್ಮ ಹಾಲಿನ ಕುಕ್ಕರ್ ಸೀಟಿ ಹೊಡಿಯೋದ್ ನೋಡಿ ಕದ್ದಿದೀರ," ಎಂದರು ಎದುರುಮನೆ ಮಂಜುಳಮ್ಮ.

ನಲ್ಲಿ ರಿಪೇರಿಯ ಚಾಮಯ್ಯನಿಗಂತೂ ನಗು. "ಇದೇನ್ ಮಹಾ ಸಾ. ಚೆಂಡು ಹಾಕ್ದೋನು ನಾನು. ಬೆಲ್ಲಿಗೆ ಎಂಗೆ ಸೇರ್ಸದು ಅಂತ ಮಗೀಗೂ ಗೊತ್ತು."

ಮಧ್ಯಾಹ್ನದ ಹೊತ್ತಿಗೆ ವಿಶ್ವನಾಥನಿಗೆ ರೋಸಿಹೋಯಿತು. ಮೂವರನ್ನೂ ಸದಾಶಿವಯ್ಯನವರ ಜಗಲಿಗೆ ಕರೆದು, ಮುಖ ಸಪ್ಪಗೆ ಮಾಡಿಕೊಂಡು ಸುಳ್ಳು ಬಿಟ್ಟ: "ಅದನ್ನ ಮುಟ್ಟಿ ನಮ್ಮನೆಯವಳಿಗೆ ಕರೆಂಟ್ ಹೊಡೀತು. ಉಪಯೋಗವಿಲ್ಲದ ಯಂತ್ರ. ಯಾರ ಐಡಿಯಾ ಅಂತ ವಿಚಾರಣೆಗೆ ಬರ್ತಾರಂತೆ. ನಿಮ್ಮ ಹೆಸರೂ ಹೇಳ್ಲಾ?"

ಎಪ್ಪತ್ತೆರಡನೇ ಇಸವಿ ತಟ್ಟನೆ ಮರೆತುಹೋಯಿತು. ಮೇಷ್ಟ್ರು ತಾವೇ ಕಾಗದ ತಂದು ದುಂಡಗೆ ಬರೆದರು, ಮೂವರೂ ಸಹಿ ಹಾಕಿದರು. "ಇದು ನಮಗೆ ಕನಸಿನಲ್ಲೂ ಹೊಳೆದಿರಲಿಲ್ಲ" ಎಂಬ ಮೊದಲ ಸಾಲು ಓದಿದ್ದೇ ವಿಶ್ವನಾಥ ಸ್ಕೂಟರ್ ಹತ್ತಿದ.

ವಕೀಲರು ಓದಿ ತಲೆದೂಗಿದರು. "ಯಾರಿಗೂ ಹೊಳೆಯಲ್ಲ ಅನ್ನೋದು ಸಾಬೀತಾಯ್ತು." ಆಮೇಲೆ ಎರಡನೇ ಸಾಲನ್ನು ಗಟ್ಟಿಯಾಗಿ ಓದಿದರು: "‘ಇದು ಉಪಯೋಗವಿಲ್ಲದ, ಅಪಾಯಕಾರಿ ಯಂತ್ರವೆಂದು ಮಾಡಿದವರೇ ನಮ್ಮೆದುರು ಒಪ್ಪಿರುತ್ತಾರೆ.’ ಉಪಯೋಗವಿಲ್ಲದ್ದಕ್ಕೆ ಪೇಟೆಂಟ್ ಎಲ್ಲಿ ಕೊಡ್ತಾರ್ರೀ?"

"ಆ ಸಾಲು ಕತ್ತರಿಸಿ ಕೊಟ್ರೆ?"

"ಸಹಿ ಅದರ ಕೆಳಗಿದೆ."

ಗಡಿಯಾರ ಐದು ಹೊಡೆಯಿತು.

ವಿಶ್ವನಾಥ ಬೀದಿಗೆ ತಿರುಗಿದಾಗ ಸದಾಶಿವಯ್ಯನವರ ತಾರಸಿಯಲ್ಲಿ ಬೆಲ್ ಬಾರಿಸುತ್ತಿತ್ತು. ಚಾಮಯ್ಯ ಏಣಿ ಇಳಿದು ಕೈ ಒರೆಸಿಕೊಂಡ.

"ಕರೆಂಟ್ ತೆಗ್ದು ಟಾರ್ಚಿನ ಸೆಲ್ ಹಾಕ್ಬುಟ್ಟೆ ಸಾ, ಇನ್ನು ಹೊಡಿಯಲ್ಲ. ಇದು ನನ್ ತಲೇಗೇ ಹೊಳ್ದಿದ್ದು. ಪೇಟೆಂಟ್ ಹಾಕೋಕೆ ಯಾರ್ನ ಕಾಣ್ಬೇಕು?"