ಒಣಕಣಿವೆಯಲ್ಲಿ ಆರು ಎಳನೀರು

ನೀರಿನ ಬಾಟಲಿ ಹೊತ್ತು ಪ್ರಯಾಣ ಹೊರಡುವವರನ್ನು ಕಂಡರೆ ನಮ್ಮ ತೆಂಗಿನ ಸೀಮೆಯವರಿಗೆ ಒಳಗೊಳಗೇ ಸ್ವಲ್ಪ ತಾತ್ಸಾರ. ತಲೆಯ ಮೇಲೆ ಅಷ್ಟೊಂದು ನೀರು ತೂಗುತ್ತಿರುವಾಗ ಪ್ಲಾಸ್ಟಿಕ್ಕಿನಲ್ಲಿ ತುಂಬಿಕೊಂಡು ಹೋಗುವುದೇಕೆ ಎಂಬುದು ನಮ್ಮ ವಾದ. ತಿಪಟೂರಿನಿಂದ ತುರುವೇಕೆರೆಗೆ ಹೋಗುವಾಗ ಬಾಯಾರಿದರೆ ಯಾರದೋ ತೋಟದ ಮುಂದೆ ಗಾಡಿ ನಿಲ್ಲಿಸಿ ಕೆಮ್ಮಿದರೆ ಸಾಕು, ಒಬ್ಬರು ಮಚ್ಚು ಹಿಡಿದು ಹೊರಗೆ ಬರುತ್ತಾರೆ. ಪರ ಊರಿನವರು ಅದನ್ನು ನೋಡಿ ಗಾಡಿ ತಿರುಗಿಸಿ ಓಡಿದ್ದೂ ಉಂಟಂತೆ. ಈ ಅಹಂಕಾರವನ್ನು ಜೊತೆಗಿಟ್ಟುಕೊಂಡೇ ನಾವು ಮೂವರು ಕಳೆದ ಬೇಸಿಗೆಯಲ್ಲಿ ಒಣಕಣಿವೆಗೆ ಹೋದೆವು.

ಒಣಕಣಿವೆ ಎಂಬುದು ಕುರಿ ಕಾಯುವವರು ಇಟ್ಟ ಹೆಸರು. ಕಂದಿಕೆರೆ ದಾಟಿ, ತೆಂಗು ಮುಗಿದು, ಜಾಲಿಯೂ ಮುಗಿದು, ಕಳ್ಳಿ ಮಾತ್ರ ಉಳಿಯುವ ಕಡೆ ಗುಡ್ಡ ಎರಡಾಗಿ ಸೀಳಿದೆ. ನಡುವೆ ಮಳೆ ಬಂದಾಗಷ್ಟೇ ಹರಿಯುವ ಹಳ್ಳ. ಉಳಿದ ಕಾಲದಲ್ಲಿ ಬರೀ ಮರಳು. ನನ್ನ ನೆನಪಿನಲ್ಲಿ ಎರಡೂ ಕಡೆ ಕೆಂಪು ಬಂಡೆಯ ಗೋಡೆಗಳು ಆಕಾಶಕ್ಕೆ ಎದ್ದು ನಿಂತಿವೆ. ರುದ್ರಣ್ಣ ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಗೋಡೆ ಇರುವುದು ಒಂದೇ ಕಡೆ, ಅದೂ ಮೂರಾಳು ಎತ್ತರ. ಇನ್ನು ಮುಂದೆ ಹೇಳುವುದನ್ನೂ ಓದುಗರು ಇದೇ ಪ್ರಮಾಣದಲ್ಲಿ ಇಳಿಸಿಕೊಂಡು ಓದಬಹುದು.

ನಾವು ಹೋದದ್ದು ಕಣಿವೆ ನೋಡಲಿಕ್ಕಲ್ಲ, ನಂಜಪ್ಪನ ಸಲುವಾಗಿ. ನಾನು, ರುದ್ರಣ್ಣ, ನಂಜಪ್ಪ ಒಂದೇ ಬೆಂಚಿನಲ್ಲಿ ಕೂತು ಓದಿದವರು; ಮುಂದೆ ಮೇಷ್ಟ್ರಾದವನು ನಾನೊಬ್ಬನೇ. ಸಂಪಿಗೆ ಎಂಬ ಊರಿನ ಹತ್ತಿರ ತೋಟವಿರುವ ನಂಜಪ್ಪ ನಮ್ಮಲ್ಲೇ ದೊಡ್ಡ ಮಾತುಗಾರ. ಅವನು ಬಸ್ಸಿನಲ್ಲಿ ಕತೆ ಶುರುಮಾಡಿದರೆ ಕಂಡಕ್ಟರು ಸೀಟಿ ಊದುವುದನ್ನು ಮರೆಯುತ್ತಿದ್ದ. ಚಳಿಗಾಲದಲ್ಲಿ ಅವನ ಹೆಂಡತಿ ಪಾರ್ವತಮ್ಮ ತೀರಿಕೊಂಡರು. ಅಂದಿನಿಂದ ನಂಜಪ್ಪನ ಬಾಯಲ್ಲಿ ಉಳಿದದ್ದು ಒಂದೇ ಶಬ್ದ: "ಹೂಂ." ತಟ್ಟೆಯ ಮುಂದೆ ಕೂತು ಅರ್ಧಕ್ಕೇ ಏಳುತ್ತಿದ್ದ. ಹೆಂಡತಿಯ ಹೆಸರು ಯಾರಾದರೂ ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದ. "ಹಿಂಗೇ ಇದ್ರೆ ಅವ್ನೂ ಉಳಿಯಾಕಿಲ್ಲ ಕಣ್ರಪ್ಪ, ಏನಾದ್ರೂ ಮಾಡ್ರಿ" ಎಂದು ಅವನ ಅಕ್ಕ ನಮ್ಮೆದುರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಉಪಾಯ ಹೊಳೆದದ್ದು ರುದ್ರಣ್ಣನಿಗೆ. "ತೆಂಗಿನ್ ಮರಾನೇ ಕಾಣ್ದಿರೋ ಕಡೀಕೆ ಕರ್ಕೊಂಡ್ ಹೋಗಾನ ಕಣ್ಲಾ. ಆ ತೋಟ್ದಾಗೆ ಒಂದೊಂದ್ ಮರಕ್ಕೂ ಆಯಮ್ಮ ನೀರ್ ಹೊತ್ತೈತೆ. ಅಲ್ಲಿ ಕೂತ್ಕೊಂಡು ಅವ್ನಿಗೆ ಮರಿ ಅಂದ್ರೆ ಹೆಂಗ್ಲಾ ಮರೀತಾನೆ?" ತೆಂಗು ಇಲ್ಲದ ಕಡೆಗೆ ಹೋಗುವಾಗ ಅದೇ ತೋಟದಲ್ಲಿ ಆರು ಎಳನೀರು ಕೆಡವಿಸಿ ಕಾರಿಗೆ ಹಾಕಿದೆವು. ಇದರಲ್ಲಿ ಏನೋ ವಿರೋಧಾಭಾಸವಿದೆ ಎಂದು ನಮಗೆ ಅನ್ನಿಸಲಿಲ್ಲ.

ದಾರಿಯುದ್ದಕ್ಕೂ ನಾನು ಹವಾಮಾನದ ಬಗ್ಗೆ ಮಾತಾಡಿದೆ. ದುಃಖದಲ್ಲಿರುವವರ ಜೊತೆ ಏನು ಮಾತಾಡಬೇಕೆಂದು ತಿಳಿಯದವರಿಗೆ ಹವಾಮಾನವೇ ಗತಿ. ಬೇಸಿಗೆಯಲ್ಲಿ ಅದೂ ಬೇಗ ಮುಗಿಯುತ್ತದೆ. "ಬಿಸಿಲು ಜಾಸ್ತಿ" ಎಂದೆ. ನಂಜಪ್ಪ "ಹೂಂ" ಎಂದ. "ಹೋದ ವರ್ಷಕ್ಕಿಂತ ಜಾಸ್ತಿ" ಎಂದೆ. ಅದಕ್ಕೆ ಹೂಂ ಕೂಡ ಬರಲಿಲ್ಲ.

ಗಾಡಿದಾರಿ ಮುಗಿದಲ್ಲಿ ಹುಣಸೆ ಮರದ ಕೆಳಗೆ ಕಾರು ಬಿಟ್ಟು, ತಲೆಗೆರಡರಂತೆ ಎಳನೀರನ್ನು ಹಗ್ಗದಲ್ಲಿ ಕಟ್ಟಿ ಹೆಗಲಿಗೆ ಹಾಕಿಕೊಂಡು ಮರಳಿನಲ್ಲಿ ನಡೆದೆವು. ಕಾಲು ಹೂತುಹೋಗುತ್ತಿತ್ತು. ಗಾಳಿ ಒಲೆಯ ಬಾಯಿಂದ ಬಂದಂತೆ ಬರುತ್ತಿತ್ತು. ಕಣಿವೆಯ ತುದಿಯ ಬಂಡೆಯ ನೆರಳಿಗೆ ಹೋಗಿ ಕುಸಿಯುವಷ್ಟರಲ್ಲಿ ನಾಲಿಗೆ ಅಂಗುಳಿಗೆ ಅಂಟಿತ್ತು. ರುದ್ರಣ್ಣ ಒಂದು ಕಾಯಿ ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ಕೈ ಚಾಚಿದ.

"ಕೊಡ್ಲಾ."

"ಏನ್ ಕೊಡ್ಲಿ?"

"ಮಚ್ಚು."

"ನಿನ್ ಹತ್ರ ಐತಲ್ವಾ?"

"ನನ್ ಹತ್ರ ಯಾಕಿರ್ತದ್ಲಾ? ಕಾರ್ ಓಡ್ಸೋನು ಮಚ್ಚು ಹಿಡ್ಕೊಂಡ್ ಓಡುಸ್ಲಾ?"

ನಮ್ಮ ಕಡೆ ಮಚ್ಚನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಅದು ಗಾಳಿಯ ಹಾಗೆ, ಇದ್ದೇ ಇರುತ್ತದೆ. ಈಗ ಮಡಿಲ ತುಂಬ ನೀರಿಟ್ಟುಕೊಂಡು ಮೂವರೂ ಬಾಯೊಣಗಿ ಕೂತೆವು. ಆಗ ನಂಜಪ್ಪ ಮರಳನ್ನೇ ನೋಡುತ್ತ ಹೇಳಿದ: "ಇವ್ಳು ಮಡಗೋಳು ಕಣ್ಲಾ. ಗೋಣಿ ತಾಟ್ನಾಗೆ ಸುತ್ತಿ, ಸೀಟಿನ್ ಕೆಳೀಕೆ. ಮಡಗೋದನ್ನ ನಾನ್ ಒಂದಿನಾನೂ ನೋಡ್ಲಿಲ್ಲ. ಕೈ ಹಾಕುದ್ರೆ ಸಿಗೋದು."

ನಾನು ಮತ್ತೆ ಹವಾಮಾನಕ್ಕೆ ಬಾಯಿ ತೆರೆದೆ. ಪುಣ್ಯಕ್ಕೆ ಬಾಯೊಣಗಿ ಶಬ್ದ ಹೊರಡಲಿಲ್ಲ. ನಂಜಪ್ಪ ಎದ್ದು ಒಂದು ಎಳನೀರನ್ನು ಎರಡೂ ಕೈಯಲ್ಲಿ ಎತ್ತಿ ಬಂಡೆಗೆ ಅಪ್ಪಳಿಸಿದ. ಅದು ಪುಟಿದು ದೂರ ಉರುಳಿತು. ಅಟ್ಟಿಸಿಕೊಂಡು ಹೋಗಿ ತಂದು ಮತ್ತೆ ಅಪ್ಪಳಿಸಿದ. "ಥೂ, ನಿನ್ ಸೊಕ್ಕಡಗ! ಒಳ್ಗಡೆ ಅಷ್ಟೊಂದ್ ಮಡೀಕಂಡು ಬಾಯ್ ಬುಡಾಕೇನ್ಲಾ ನಿಂಗೆ?"

"ಯಾರಿಗ್ಲಾ ಬೈತಿರೋದು, ಕಾಯಿಗಾ ನಿಂಗಾ?" ಎಂದ ರುದ್ರಣ್ಣ.

ನಂಜಪ್ಪ ಕಾಯಿ ಎತ್ತಿ ಹಿಡಿದವನು ಹಾಗೇ ನಿಂತ. ಅದು ರುದ್ರಣ್ಣನ ತಲೆಗೆ ಬೀಳುತ್ತದೆ ಎಂದುಕೊಂಡೆ. ಬಂಡೆಗೇ ಬಿತ್ತು, ಒಡೆಯಿತು. ಅರ್ಧ ನೀರು ನನ್ನ ಬಿಳಿ ಅಂಗಿಗೆ, ಉಳಿದದ್ದು ಮರಳು ಬೆರೆತು ಮೂವರ ಗಂಟಲಿಗೆ. ಕುಡಿಯುತ್ತ ನಂಜಪ್ಪ ಅತ್ತ. ರುದ್ರಣ್ಣ ಅದು ಬೆವರು ಎನ್ನುತ್ತಾನೆ. ಇನ್ನೂ ಮೂರು ಕಾಯಿ ಬಂಡೆಗೆ ಬಿದ್ದವು. ಪ್ರತಿಯೊಂದರ ಜೊತೆಗೂ ಪಾರ್ವತಮ್ಮನ ಮೇಲೊಂದು ದೂರು. ಹೇಳದೆ ಹೋದಳು. ಸಾರಿಗೆ ಹುಳಿ ಎಷ್ಟು ಹಾಕಬೇಕು ಎಂದು ತಿಳಿಸದೆ ಹೋದಳು. ಹಿಂದಿರುಗುವಾಗ ಕಂದಿಕೆರೆಯ ಅಂಗಡಿಯಲ್ಲಿ ಬಾಟಲಿ ನೀರು ಕೊಂಡು, ಗುರುತಿನವರು ನೋಡದ ಹಾಗೆ ಕಾರಿನ ಹಿಂದೆ ನಿಂತು ಕುಡಿದೆವು.

ಈಗ ನಂಜಪ್ಪ ಊಟ ಪೂರ್ತಿ ಮಾಡುತ್ತಾನೆ. ಮಾತು ಎಷ್ಟು ಬಂದಿದೆಯೆಂದರೆ ಬೆಳಗ್ಗೆ ಅವನ ಫೋನು ಬಂದರೆ ನಾನು ಒಮ್ಮೊಮ್ಮೆ ಸ್ನಾನಕ್ಕೆ ಹೋಗಿದ್ದೇನೆ ಎಂದು ಹೆಂಡತಿಯಿಂದ ಹೇಳಿಸುತ್ತೇನೆ. ಕಣಿವೆಯ ಕತೆಯನ್ನಂತೂ ಹೋದಲ್ಲೆಲ್ಲ ಹೇಳುತ್ತಾನೆ, ಅದರಲ್ಲಿ ಮಚ್ಚು ಮರೆತವನು ನಾನು. "ಈ ಮೇಷ್ಟ್ರನ್ನ ನಂಬ್ಕೊಂಡು ಹೋಗಿ ನಾಲಿಗೆ ಒಣಗಿ ಸಾಯ್ತಿದ್ದೋ ಕಣ್ರೀ!" ಜನ ನಗುತ್ತಾರೆ, ಅವನೂ ನಗುತ್ತಾನೆ. ಆ ನಗುವಿಗಾಗಿ ನಾನು ಅದನ್ನು ಒಪ್ಪಿಕೊಂಡುಬಿಟ್ಟಿದ್ದೇನೆ. ಮೊನ್ನೆ ನನ್ನ ಹೆಂಡತಿ ಕೇಳಿದಾಗಲೂ "ಹೌದು ಕಣೇ, ನಾನೇ ಮರೆತೆ" ಎಂದೆ, ಅವಳಾದರೂ ಅನುಮಾನ ಪಡಲಿ ಎಂಬ ಸಣ್ಣ ಆಸೆಯಿಂದ.

"ನೀವಲ್ದೆ ಇನ್ಯಾರ್ ಮರೀತಾರೆ?" ಎಂದು ಅವಳು ತಲೆಯೆತ್ತದೆ ಹುರುಳಿ ಆರಿಸುವುದನ್ನು ಮುಂದುವರಿಸಿದಳು.