ಮೂರನೇ ಸಾಲಿನ ನನ್ನ ಸ್ವರ

ಮೊಮ್ಮಕ್ಕಳ ಮೇಲೆ ಹೊಟ್ಟೆಕಿಚ್ಚು ಪಡುವ ಅಜ್ಜಂದಿರು ಇರುವುದಿಲ್ಲವೆಂದು ಲೋಕ ನಂಬಿದೆ. ನಾನಿದ್ದೇನೆ. ಯುದ್ಧ ಮುಗಿದು, ಪಟಾಲಮ್ಮಿನ ಬ್ಯಾಂಡಿನಲ್ಲಿದ್ದ ನನ್ನ ಮೊಮ್ಮಗ ಮಂಜ ಕೈಕಾಲು ನೆಟ್ಟಗಿಟ್ಟುಕೊಂಡು ಕುಂದಾಪುರಕ್ಕೆ ಬಂದಿಳಿದ ದಿನ ನಾನು ಬೀದಿಯಲ್ಲೇ ಕುಣಿದೆ. ಹೊಟ್ಟೆಕಿಚ್ಚು ಶುರುವಾದದ್ದು ಮಾರನೆಯ ದಿನ, ಕಾಫಿಯಾದ ಮೇಲೆ.

ನಾನು ಏಳು ಜನರ ಮದುವೆ ಬ್ಯಾಂಡಿನ ಮಾಸ್ತರ. ಓದಿದ್ದು ಎರಡನೇ ಕ್ಲಾಸು, ಉಳಿದದ್ದೆಲ್ಲ ಕಿವಿ. ಢೋಲಿನ ಚರ್ಮ ಥಂಡಿ ಕುಡಿದಿದ್ದರೆ ರಸ್ತೆಯಾಚೆಯಿಂದಲೇ ಹೇಳುತ್ತಿದ್ದೆ. ಆದರೂ ಮಾಸ್ತರನೆಂದ ಮೇಲೆ ಎದುರಿಗೊಂದು ಕಾಗದ ಬೇಡವೇ? ಹಿಂದೆ ಮಂಜಿ ಹಡಗು ಹತ್ತಿ ಬಂದಿದ್ದ, ಕಾರ್ನೆಟ್ಟು ಎಂಬ ತುತ್ತೂರಿ ಊದುವ ಒಬ್ಬ ಮುದುಕ ನನಗೆ ದಿಬ್ಬಣ ಎದುರುಗೊಳ್ಳುವ ಮಟ್ಟು ಕಲಿಸಿ, ಅದರ ಸ್ವರಗಳ ಅಚ್ಚಿನ ಕಾಗದವನ್ನೂ ಕೊಟ್ಟುಹೋಗಿದ್ದ. ಐದು ಗೆರೆ, ಅದರ ಮೇಲೆ ಇರುವೆ ಸಾಲು. ಮೂವತ್ತು ವರ್ಷ ಅದನ್ನು ಎದುರಿಗಿಟ್ಟುಕೊಂಡು, ಕೈ ಸೋತಾಗ ಒಮ್ಮೆ ಹಾಳೆ ಮಗುಚುತ್ತಿದ್ದೆ.

ಮಂಜ ಆ ಕಾಗದ ಎತ್ತಿಕೊಂಡು ಜಗಲಿಯಲ್ಲಿ ಕೂತ. ಬಾಯಿಲ್ಲ, ವಾದ್ಯವಿಲ್ಲ, ಬೆರಳು ಮಾತ್ರ ಗಾಳಿಯಲ್ಲಿ ಆಡುತ್ತಿತ್ತು.

"ಎಂತ ಮಾಡ್ತಿದ್ಯಾ?"

"ಕೇಂತಿದ್ದೆ ಅಜ್ಜಯ್ಯ. ಏಳೂ ಜನ ಬಾರ್ಸ್ತಿದ್ರ್."

ನನಗೆ ಏನೂ ಕೇಳಿಸಲಿಲ್ಲ! ಹಾಳೆ ನನ್ನದು, ಬ್ಯಾಂಡು ನನ್ನದು, ಕೇಳಿಸುವುದು ಅವನಿಗೆ. ಆ ಮಧ್ಯಾಹ್ನ ಬಂಗ್ಡೆ ಸಾರು ಕೂಡ ನನಗೆ ರುಚಿಸಲಿಲ್ಲ.

ಉಪ್ಪುಂದದ ಮದುವೆಗೆ ತಾಳ ತೋರಿಸುವ ಮಾಸ್ತರಿಕೆಯ ಕೋಲು ಯಾರ ಕೈಗೆಂದು ನಮ್ಮವರು ಆಗಲೇ ಗುಸುಗುಸು ಶುರುಮಾಡಿದ್ದರು. ಅಭ್ಯಾಸದ ದಿನ ನಾನೊಂದು ನೀಚ ಕೆಲಸ ಮಾಡಿದೆ. ಕೋಲನ್ನು ಮಂಜನಿಗೆ ಕೊಟ್ಟು ಕಾರ್ನೆಟ್ಟು ಹಿಡಿದೆ; ನಡುವೆ ಎಲ್ಲಾದರೂ ಒಂದು ತಪ್ಪು ಸ್ವರ ತೂರಿಸು ಎಂದು ಕ್ಲಾರಿಯೊನೆಟ್ಟಿನ ಶೀನನಿಗೆ ಮೆಲ್ಲಗೆ ಹೇಳಿಟ್ಟೆ. ಹುಡುಗನ ಕಿವಿ ನೋಡಿಯೇಬಿಡೋಣ ಎಂದು. ಬಾರಿಸಿ ಮುಗಿಸಿದ್ದೇ ಮಂಜ ಕೋಲು ಇಳಿಸಿದ.

"ಶೀನಣ್ಣ, ಎರಡ್ನೇ ಸಾಲಿಗೆ ಬಪ್ಪತಿಗೆ ನಿಂದ್ ಒಂದ್ ಸ್ವರ ಕೆಳಗ್ ಬಿತ್ತ್."

ಶೀನ ಪಕಪಕ ನಕ್ಕ. "ನಂಗೆಂತಕೆ ಹೇಳ್ತೆ ಮಾರಾಯಾ, ನಿನ್ ಅಜ್ಜಯ್ಯನೇ ಬೀಳ್ಸುಕ್ ಹೇಳಿದ್!"

ಮಂಜ ನನ್ನತ್ತ ತಿರುಗಿದ. "ಮೂರ್ನೇ ಸಾಲಗೆ ನಿಮ್ದೂ ಬಿತ್ತಲೆ ಅಜ್ಜಯ್ಯ. ಅದ್ ನಿಮ್ಗ್ ಯಾರ್ ಹೇಳ್ದ್?"

ಆಗ ನೆನಪಾಯಿತು. ಆ ಮುದುಕನ ಕಾರ್ನೆಟ್ಟಿನ ನಡುವಿನ ಗುಂಡಿ ಉಪ್ಪುಗಾಳಿಗೆ ತುಕ್ಕು ಹಿಡಿದು ಒತ್ತಿದಲ್ಲೇ ಕೂರುತ್ತಿತ್ತು. ಅವನು ಅದನ್ನು ಉಗುರಿನಿಂದ ಮೇಲೆತ್ತುವಷ್ಟರಲ್ಲಿ, ಕಾಗದದಲ್ಲಿ ಏರಬೇಕಾದ ಮೂರನೇ ಸಾಲಿನ ಸ್ವರ ಕೆಳಗೆ ಜಾರುತ್ತಿತ್ತು. ನಾನೋ, ಅದೇ ದೊಡ್ಡವರ ವರಸೆ ಎಂದುಕೊಂಡು, ಬೈಂದೂರಿನಿಂದ ಬ್ರಹ್ಮಾವರದವರೆಗೆ ಮೂವತ್ತು ವರ್ಷದ ಮದುಮಕ್ಕಳನ್ನೆಲ್ಲ ಆ ತುಕ್ಕಿನ ಮೇಲೆಯೇ ನಡೆಸಿದ್ದೆ.

ಉಪ್ಪುಂದದಲ್ಲಿ ಕೋಲು ಮಂಜನ ಕೈಯಲ್ಲೇ ಉಳಿಯಿತು. ಕಾಗದದಲ್ಲಿದ್ದ ಹಾಗೆಯೇ ಬಾರಿಸಿದೆವು. ದಿಬ್ಬಣ ಚಪ್ಪರದ ಬಾಗಿಲಿಗೆ ಬಂದಿತ್ತಷ್ಟೆ, ಮದುಮಗಳ ಸೋದರಮಾವ ಓಡಿಬಂದ.

"ಹ್ವಾಯ್, ಎಂತ ಬಾರ್ಸ್ತಿದ್ರಿ? ನನ್ನ್ ಮದಿಗೆ ಹೀಂಗ್ ಇರ್ಲಿಲ್ಲ! ಸಮಾ ಬಾರ್ಸಿ!"

ಮಂಜ ನನ್ನ ಮುಖ ನೋಡಿದ. ನಕ್ಕ. ಮೂರನೇ ಸಾಲು ಮತ್ತೆ ಬರುವಾಗ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ; ಏಳೂ ವಾದ್ಯಗಳು ಒಟ್ಟಿಗೆ ಜಾರಿದವು. ಸೋದರಮಾವ ತಲೆದೂಗಿದ. ನನ್ನ ಕಣ್ಣು ತುಂಬಿ ಕಾರ್ನೆಟ್ಟಿಗೆ ಉಸಿರೇ ಸಿಗಲಿಲ್ಲ. ಊಟವಾದ ಮೇಲೆ ಹುಡುಗ ಪೆನ್ಸಿಲು ತೆಗೆದು ಮೂರನೇ ಸಾಲಿನ ಅಚ್ಚಿನ ಇರುವೆಯೊಂದಕ್ಕೆ ಗೀಟು ಹೊಡೆದು, ಕೆಳಗೆ ಬೇರೊಂದನ್ನು ಕೂರಿಸಿ, ಪಕ್ಕದಲ್ಲಿ 'ಅಜ್ಜಯ್ಯ' ಎಂದು ಬರೆದ. ಆ ಕಾಗದದಲ್ಲಿ ನನಗೆ ಓದಲು ಬರುವುದು ಅದೊಂದೇ. ದಿನಕ್ಕೆ ನಾಲ್ಕು ಸಲ ಓದುತ್ತೇನೆ.

ಇಷ್ಟಕ್ಕೆ ಮುಗಿದಿದ್ದರೆ ಸುಖವಾಗಿರುತ್ತಿದ್ದೆ. ಮೊನ್ನೆ ತ್ರಾಸಿಯ ಮದುವೆಯಲ್ಲಿ ಒಬ್ಬ ಮುದುಕಿ ನನ್ನ ತೋಳು ಹಿಡಿದು ಹೇಳಿದಳು: "ಆ ಜಾರುದಿತ್ತಲೆ, ಅದನ್ನ್ ನಿಮ್ಮ್ ಮೊಮ್ಮಗ ನಿಮ್ಗಿಂತ ಲಾಯ್ಕ್ ಮಾಡ್ತ!"

ಮೂವತ್ತು ವರ್ಷ ನಾನು ಸಾಕಿದ ತಪ್ಪು. ಅದನ್ನೂ ಅವನೇ ಸರಿಯಾಗಿ ಬಾರಿಸಬೇಕೇ?