ಸ್ಥಿರತೆ ಸಾಧಿಸಿದ ಲೆಕ್ಕಿಗರು

ಆ ಕಚೇರಿಯಲ್ಲಿ ಯಾವುದೂ ಕೆಡುವುದಿಲ್ಲ. ಹೊಸ ನಿರ್ದೇಶಕರು ಬಂದ ವಾರದಲ್ಲೇ ಹಾಗೆಂದು ತೀರ್ಮಾನಿಸಿ, ಪ್ರತಿ ಅಂತಸ್ತಿನ ಗೋಡೆಗೂ ಪ್ರಕಟಣೆ ಹಾಕಿಸಿದ್ದರು: “ಕೆಟ್ಟಿದೆ, ನಿಂತಿದೆ, ಆಗಲಿಲ್ಲ, ಸಾಲದು ಮೊದಲಾದ ಋಣಾತ್ಮಕ ಪದಗಳನ್ನು ಈ ಮೂಲಕ ನಿಷೇಧಿಸಲಾಗಿದೆ. ಸಿಬ್ಬಂದಿಯು ಸೂಕ್ತ ಸಕಾರಾತ್ಮಕ ಪದಗಳನ್ನೇ ಬಳಸತಕ್ಕದ್ದು.” ಅಂದಿನಿಂದ ನಲ್ಲಿಯಲ್ಲಿ ನೀರು ಬಾರದಿದ್ದರೆ ಅದು ಜಲಸಂಯಮ. ಫ್ಯಾನು ತಿರುಗದಿದ್ದರೆ ವಾಯುವಿರಾಮ. ವರ್ಷಗಟ್ಟಲೆ ಧೂಳು ಹಿಡಿದ ಕಡತಗಳು ಪಕ್ವಗೊಳ್ಳುತ್ತಿರುವ ಕಡತಗಳಾದವು. ಅಷ್ಟು ಪಕ್ವತೆ ಬೇರಾವ ಕಚೇರಿಯಲ್ಲೂ ಇರಲಿಲ್ಲ.

ಉಗ್ರಾಣದ ಗುಮಾಸ್ತೆಗೆ ಇದರಿಂದ ತೊಂದರೆಯೇನೂ ಆಗಿರಲಿಲ್ಲ. ಖಾಲಿ ಕಪಾಟನ್ನು ‘ಅವಕಾಶವುಳ್ಳ ಕಪಾಟು’ ಎನ್ನುವುದು ಅವಳಿಗೆ ರೂಢಿಯಾಗಿತ್ತು. ತೊಂದರೆ ಬಂದದ್ದು ಅವಳ ಗಂಡ, ಅದೇ ಕಚೇರಿಯ ಲೆಕ್ಕಿಗ, ಬೆಳಗ್ಗೆ ಲಿಫ್ಟು ಹತ್ತಿ, ಮೂರನೇ ಅಂತಸ್ತು ತಲುಪುವ ಮೊದಲೇ ಸಿಕ್ಕಿಹಾಕಿಕೊಂಡಾಗ. ಮೂರನೇ ಅಂತಸ್ತಿನ ನೆಲದ ಮೇಲೆ ಲಿಫ್ಟಿನ ಬಾಯಿ ಒಂದು ಗೇಣಿನಷ್ಟೇ ಕಾಣುತ್ತಿತ್ತು. ನೆಲಕ್ಕೆ ಕೆನ್ನೆಯೊತ್ತಿ ನೋಡಿದರೆ ಗಂಡನ ಬೋಳುನೆತ್ತಿ.

“ರೀ, ಗಾಬರಿ ಆಗ್ಬೇಡಿ. ಸಾಹೇಬ್ರಿಗೆ ಹೇಳಿ ಬರ್ತೀನಿ.”

“ಬೇಗ ಹೇಳೇ. ಇಲ್ಲಿ ಕೂರೋಕೂ ಜಾಗ ಇಲ್ಲ.”

ಇಂಥ ವಿಷಯಗಳೆಲ್ಲ ಭಾಷಾ ಶಿಸ್ತಿನ ಅಧಿಕಾರಿಗಳ ಮೂಲಕವೇ ಹೋಗಬೇಕು. ಅವಳು ಅವರ ಕೋಣೆಗೆ ಓಡಿದಳು.

“ಸರ್, ನಮ್ಮನೆಯವರು ಲಿಫ್ಟಲ್ಲಿ ಸಿಕ್ಕಾಕೊಂಡಿದ್ದಾರೆ.”

“ಏನಮ್ಮ, ಓದಿದೋರು ಮಾತಾಡೋ ಮಾತಾ ಇದು? ಆ ಪದ ನಮ್ಮಲ್ಲಿ ಇಲ್ಲ.” ‘ಇಲ್ಲ’ವೂ ನಿಷೇಧಿತ ಪದವೇ ಎಂದು ನೆನಪಾಗಿ ಅವರು ಗಂಟಲು ಸರಿಮಾಡಿಕೊಂಡರು. “ಆ ಪದಕ್ಕೆ ನಾವು ಬಿಡುವು ಕೊಟ್ಟಿದ್ದೀವಿ. ಸರಿ, ನಿಮ್ಮನೆಯವರು ಕೆಳಗೆ ಬಿದ್ರಾ?”

“ಬೀಳದೆ ಇದ್ದಾರೆ ಸರ್.”

“ಮೇಲೆ ಬಂದ್ರಾ?”

“ಬರದೆ ಇದ್ದಾರೆ.”

“ಅಂದ್ರೆ ಸ್ಥಿರತೆ ಸಾಧಿಸಿದ್ದಾರೆ. ಹಾಗಂತ ಮೆಕ್ಯಾನಿಕ್‌ಗೆ ಫೋನ್ ಮಾಡಿ.”

ಅವಳು ಹಾಗೇ ಮಾಡಿದಳು. ಅಧಿಕಾರಿಗಳು ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದರು.

“ಸ್ಥಿರವಾಗಿದ್ರೆ ಒಳ್ಳೇದೇ ಅಲ್ವಾ ಅಕ್ಕ?” ಎಂದ ಮೆಕ್ಯಾನಿಕ್. “ಕೆಟ್ಟಿದೆ ಅನ್ನಿ, ಈಗ್ಲೇ ಹೊರಡ್ತೀನಿ.”

ನಾಲಿಗೆಯ ತುದಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ‘ಫ್ಯಾನು ಕೆಟ್ಟಿದೆ’ ಎಂದು ಬಾಯಿತಪ್ಪಿ ಅಂದಿದ್ದ ಟೈಪಿಸ್ಟನ್ನು ಕಚೇರಿಯು ಈಚೆಗಷ್ಟೇ ವಿಶಾಲ ಪ್ರಪಂಚಕ್ಕೆ ಅರ್ಪಿಸಿತ್ತು. ಅವನು ಈಗಲೂ ಕೆಲಸಕ್ಕಾಗಿ ಬಾಗಿಲು ಬಾಗಿಲು ಅಲೆಯುತ್ತಿದ್ದ.

ಅಷ್ಟರಲ್ಲಿ ಸುದ್ದಿ ನಿರ್ದೇಶಕರಿಗೆ ಮುಟ್ಟಿತು. ಆ ಕಚೇರಿಯಲ್ಲಿ ಯಾರೇ ಆಗಲಿ ಏನನ್ನಾದರೂ ಸಾಧಿಸಿದ್ದು ಅದೇ ಮೊದಲು. ಅವರು ಮೂರನೇ ಅಂತಸ್ತಿಗೆ ಮೆಟ್ಟಿಲು ಹತ್ತಿ ಬಂದು, ಹೊಟ್ಟೆ ಬಿಟ್ಟುಕೊಟ್ಟಷ್ಟು ಬಾಗಿ, ಸಂದಿಗೆ ಭಾಷಣ ಮಾಡಿದರು. ಲೆಕ್ಕಿಗರನ್ನು ಅಂತರ-ಅಂತಸ್ತು ಸಮನ್ವಯಾಧಿಕಾರಿಯೆಂದು ಅಲ್ಲೇ ನೇಮಿಸಲಾಯಿತು. ಹಾರ ಸಂದಿನಲ್ಲಿ ಹೋಯಿತು. ಹಿಂದೆಯೇ ಕಡತಗಳೂ ಹೋದವು. ಸಂಜೆ ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಹೊರಟರು. ಅವಳು ಮಾತ್ರ ಮನೆಯಿಂದ ಅನ್ನ ತಂದು, ತಟ್ಟೆಯ ತುಂಬ ತೆಳುವಾಗಿ ಹರಡಿ ಒಳಗೆ ತಳ್ಳಿದಳು. ತಟ್ಟೆ ಹಿಡಿಯಲು ಮೇಲೆ ಬಂದ ಆ ಎರಡು ಕೈ ನೋಡಿ ಅವಳು ತನ್ನ ತಟ್ಟೆಯನ್ನೂ ಅಲ್ಲೇ ನೆಲದ ಮೇಲಿಟ್ಟುಕೊಂಡು ಕೂತಳು. ಮದುವೆಯಾದಾಗಿನಿಂದ ಆ ಮನುಷ್ಯನನ್ನು ಬಿಟ್ಟು ಅವಳು ಉಂಡದ್ದೇ ಕಡಿಮೆ.

ಮರುದಿನ ಬೆಳಗಾಗುತ್ತಲೇ ಅವಳು ಕಚೇರಿಗೆ ಹೋಗದೆ ನೇರ ಮೆಕ್ಯಾನಿಕ್ಕಿನ ಅಂಗಡಿಗೆ ನಡೆದಳು. ಅತ್ತಿತ್ತ ನೋಡಿ, ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ಹೇಳಿದಳು.

“ಅಣ್ಣಾ, ಲಿಫ್ಟು ಕೆಟ್ಟಿದೆ.”

“ಇಷ್ಟು ಹೇಳೋಕೆ ಒಂದು ದಿನ ಬೇಕಾಯ್ತಾ ಅಕ್ಕ?” ಎಂದು ಅವನು ಸ್ಪ್ಯಾನರ್ ಎತ್ತಿಕೊಂಡ.

ಚಹಾ ಆರುವಷ್ಟರಲ್ಲಿ ಕೆಲಸ ಮುಗಿಯಿತು. ಲಿಫ್ಟು ಗೊರಗೊರ ಎಂದು ಮೇಲೆದ್ದು ಮೂರನೇ ಅಂತಸ್ತಿಗೆ ಸರಿಯಾಗಿ ನಿಂತಿತು. ಬಾಗಿಲು ತೆರೆಯಿತು. ಗಂಡ ಇಡಿಯಾಗಿ ಕಂಡ, ಕೊರಳಲ್ಲಿ ಬಾಡಿದ ಹಾರ. ಅವಳು ಕೈಚಾಚಿದಳು.

“ಸ್ವಲ್ಪ ತಾಳಿ,” ಎಂದರು ಭಾಷಾ ಶಿಸ್ತಿನ ಅಧಿಕಾರಿಗಳು. “ಅವರು ಕಾಲು ಹೊರಗಿಟ್ರೆ ಹುದ್ದೆ ತೆರವಾಗುತ್ತೆ. ಆಮೇಲೆ ನಮ್ಮನ್ನ ಕೇಳ್ಬೇಡಿ.”

ಅವರ ಹಿಂದೆ ಮೆಟ್ಟಿಲಿನುದ್ದಕ್ಕೂ ಸಿಬ್ಬಂದಿ ಸಾಲುಗಟ್ಟಿ ನಿಂತಿದ್ದರು. ಪ್ರತಿಯೊಬ್ಬರ ಕಂಕುಳಲ್ಲೂ ಒಂದು ಹೊದಿಕೆ. ಟಪಾಲು ವಿಭಾಗದವನು ನೀರಿನ ಹೂಜಿಯನ್ನೂ ತಂದಿದ್ದ.

ಗಂಡ ಹೊಸ್ತಿಲವರೆಗೆ ಬಂದವನು ಆ ಸಾಲನ್ನು ನೋಡಿ, ಎತ್ತಿದ ಕಾಲನ್ನು ಹಿಂದಕ್ಕಿಟ್ಟ.

“ಬನ್ನಿ ಅಂದ್ರೆ,” ಎಂದಳು ಅವಳು.

“ನಾನು ಬಂದ್ರೆ ಆ ಟಪಾಲಿನೋನು ಒಳಗೆ ಹೋಗ್ತಾನೆ ಕಣೇ. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದೋನು. ನನ್ನ ಹಿರಿತನ ಏನಾಗ್ಬೇಕು?”

“ಮನೆ ಬೇಡ್ವಾ ನಿಮಗೆ?”

ಅವನು ಹೆಂಡತಿಯ ಮುಖ ನೋಡಲಿಲ್ಲ. ಮೆಕ್ಯಾನಿಕ್ಕಿನ ಕಡೆ ತಿರುಗಿ, “ಒಂಚೂರು ಕೆಳಗೆ ಇಳ್ಸಪ್ಪ, ಮೊದಲಿದ್ದ ಜಾಗಕ್ಕೆ,” ಎಂದ.

ಅವಳಿಗೆ ಅಳು ಬಂತು. ಸಾಲಿನಲ್ಲಿದ್ದವರು ಅದನ್ನು ಆನಂದಬಾಷ್ಪವೆಂದು ತಿಳಿದು ಗೌರವದಿಂದ ತಲೆಬಾಗಿಸಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಅಣ್ಣಾ, ಸಂದು ಇನ್ನೊಂಚೂರು ಅಗಲ ಇರ್ಲಿ,” ಎಂದಳು. “ದಿಂಬು ಹೋಗ್ಬೇಕು.”

ಎಷ್ಟು ಅಗಲ ಎಂದು ಮೆಕ್ಯಾನಿಕ್ ಕೇಳಿದ. ಅವಳು ಎರಡೂ ಕೈ ಎತ್ತಿ ಅಳತೆ ತೋರಿಸಿದಳು.